ಸ್ವಂತ ಬೈಕ್‌ನಲ್ಲಿ ಪಾರ್ಸೆಲ್ ಡೆಲಿವರಿ: ಪೀಸಿಗೆ 14 ರೂಪಾಯಿ ಗಿಟ್ಟುತ್ತಾ?

ತೀರ್ಥಳ್ಳಿ ಹೈದ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಲ್ಲಿ ಒಂದು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಸಂಬಳ 16,000. ಒಂಬತ್ತೂವರೆಗೆ ಬಾಗಿಲು ತೆಗೆದರೆ ಏಳೂವರೆಗೆ ಬಿಡುಗಡೆ, ಭಾನುವಾರ ರಜೆ. ಈಗ ಒಂದು ಪಾರ್ಸೆಲ್ ಹಬ್‌ನಲ್ಲಿ ಹುಡುಗರು ಬೇಕು ಅಂತ ಗೊತ್ತಿದ್ದವರು ಹೇಳಿದರು. ಹೋಗಿ ಕೇಳಿದೆ. ಮೇಗರವಳ್ಳಿ, ಗುಡ್ಡೇಕೇರಿ, ಆಗುಂಬೆ ಕಡೆಯ ರೂಟ್. ಬೈಕ್ ನಮ್ಮದೇ, ಪೆಟ್ರೋಲ್ ನಮ್ಮದೇ, ಮೊಬೈಲ್ ನಮ್ಮದೇ. ಪಾರ್ಸೆಲ್‌ಗೆ 14 ರೂಪಾಯಿ. ದಿನಕ್ಕೆ ಅರವತ್ತು ಪಾರ್ಸೆಲ್ ಕೊಡುತ್ತೇವೆ, ತಿಂಗಳಿಗೆ 25,000 ಆರಾಮಾಗಿ ಬರುತ್ತದೆ ಅಂದರು. ಪಿಎಫ್, ಇಎಸ್‌ಐ ಏನೂ ಇಲ್ಲ. "ನಿನಗೆ ನೀನೇ ಓನರ್" ಅಂತ ಬೇರೆ.

ನನ್ನ ಹತ್ತಿರ ಹಳೇ ಸ್ಪ್ಲೆಂಡರ್ ಇದೆ. ಅಮ್ಮ ಬೇಡ ಅನ್ನುತ್ತಾಳೆ, ಭಾವ ಹೋಗು ಅನ್ನುತ್ತಾರೆ. ಈ ಕೆಲಸ ಮಾಡಿದವರು, ಮಾಡುತ್ತಿರುವವರು ಇದ್ದರೆ ನಿಜ ಹೇಳಿ. ಗಿಟ್ಟುತ್ತಾ?

ಗೋಪಾಳ ಗುರು

ಗಿಟ್ಟುತ್ತದೆ ಗುರು, ಯೋಚನೆ ಮಾಡಬೇಡ. ನಾನು ಶಿವಮೊಗ್ಗದಲ್ಲಿ ವಿನೋಬನಗರ, ಗೋಪಾಳ ಕಡೆ ಮಾಡುತ್ತಿದ್ದೇನೆ. ಬೆಳಿಗ್ಗೆ ಏಳಕ್ಕೆ ಹಬ್, ಎಂಟೂವರೆಗೆ ಲೋಡ್ ಕಟ್ಟಿ ಹೊರಟರೆ ಮಧ್ಯಾಹ್ನ ಮೂರಕ್ಕೆ ಬ್ಯಾಗ್ ಖಾಲಿ. ಒಂದೊಂದು ಅಪಾರ್ಟ್‌ಮೆಂಟ್‌ನಲ್ಲಿ ಎಂಟು-ಹತ್ತು ಪಾರ್ಸೆಲ್ ಇಳಿಯುತ್ತವೆ. ನನಗೆ ಪೀಸಿಗೆ 12 ಮಾತ್ರ, ಆದರೂ ಅಂಗಡಿಯಲ್ಲಿ ನಿಂತು ಓನರ್ ಬಾಯಿ ಕೇಳುವುದಕ್ಕಿಂತ ಎಷ್ಟೋ ವಾಸಿ. ಬಾಸ್ ಇಲ್ಲ, ಯಾರೂ ತಲೆ ತಿನ್ನಲ್ಲ.

ಲೆಕ್ಕದ ಮೇಷ್ಟ್ರು

ಮೊದಲು ಆ 25,000 ಎಲ್ಲಿಂದ ಬಂತು ನೋಡೋಣ. ದಿನಕ್ಕೆ 60 ಪಾರ್ಸೆಲ್, 14 ರೂಪಾಯಿ ಅಂದರೆ 840. ಅದನ್ನು 30ರಿಂದ ಗುಣಿಸಿದರೆ 25,200. ಅಂದರೆ ತಿಂಗಳಲ್ಲಿ ಒಂದು ದಿನವೂ ರಜೆ ಹಾಕಬಾರದು, ಅರವತ್ತಕ್ಕೆ ಅರವತ್ತೂ ಡೆಲಿವರಿ ಆಗಬೇಕು. ಭಾನುವಾರ ಬಿಟ್ಟು 26 ದಿನ ಹಿಡಿದರೆ ಅಲ್ಲೇ 21,840ಕ್ಕೆ ಇಳಿಯಿತು.

ಇನ್ನು ಮನೆ ಬೀಗ ಹಾಕಿರುತ್ತದೆ, ಫೋನ್ ಎತ್ತಲ್ಲ, ನಾಳೆ ತನ್ನಿ ಅನ್ನುತ್ತಾರೆ, ಬೇಡವೇ ಬೇಡ ಅನ್ನುತ್ತಾರೆ. ಕೊಡದ ಪಾರ್ಸೆಲ್‌ಗೆ ಕಾಸಿಲ್ಲ. ದಿನಕ್ಕೆ 48 ಆಗುತ್ತದೆ ಅಂದುಕೊಳ್ಳಿ. 672 ರೂಪಾಯಿ. 26 ದಿನಕ್ಕೆ 17,472.

ಆ ರೂಟ್‌ನಲ್ಲಿ ಒಳದಾರಿ ಸೇರಿ ದಿನಕ್ಕೆ 90 ಕಿಲೋಮೀಟರ್ ಕಮ್ಮಿ ಇಲ್ಲ. ಲೋಡ್ ಹಾಕಿಕೊಂಡು ಏರು ಹತ್ತುವ ಹಳೇ ಬೈಕ್ ಲೀಟರ್‌ಗೆ 45 ಕೊಟ್ಟರೆ ಎರಡು ಲೀಟರ್. ಪೆಟ್ರೋಲ್ 104 ಅಂತ ಹಿಡಿದರೆ 208. ತಿಂಗಳಿಗೆ 5,408. ಆಯಿಲ್, ಚೈನ್, ಬ್ರೇಕ್ ಶೂ, ಟಯರ್ ಎಲ್ಲ ಸೇರಿ 1,500 ತೆಗೆದಿಡಿ. ಉಳಿಯುವುದು 10,564.

ದಿನಕ್ಕೆ 11 ಗಂಟೆ ಅಂದರೆ ಗಂಟೆಗೆ 37 ರೂಪಾಯಿ ಬಿತ್ತು. ಈಗಿನ ಅಂಗಡಿಯಲ್ಲಿ ನಿಮಗೆ ಗಂಟೆಗೆ 61 ಬೀಳುತ್ತಿದೆ.

ತೀರ್ಥಳ್ಳಿ ಹೈದ

ಮೇಷ್ಟ್ರೇ, ತಲೆ ತಿರುಗಿತು.

ಗೋಪಾಳ ಗುರು

ಮೇಷ್ಟ್ರು ಹೆದರಿಸುತ್ತಿದ್ದಾರೆ. ನನ್ನದೇ ಲೆಕ್ಕ ಹಾಕಿ ನೋಡಿ. ದಿನಕ್ಕೆ ಎಂಬತ್ತರ ಹತ್ತಿರ ಆಗುತ್ತದೆ, 12 ರೂಪಾಯಿ.

ಲೆಕ್ಕದ ಮೇಷ್ಟ್ರು

ಹಾಕಿದೆ. 960 ಗುಣಿಸು 26, 24,960. ಊರೊಳಗೆ ದಿನಕ್ಕೆ ಪೆಟ್ರೋಲ್ 80 ರೂಪಾಯಿ, ತಿಂಗಳಿಗೆ 2,080. ಗಾಡಿಗೆ 800. ಉಳಿತಾಯ 22,080. ನಿಮಗೆ ಗಿಟ್ಟುತ್ತದೆ ಅನ್ನುವುದು ಸುಳ್ಳಲ್ಲ. ಆದರೆ ನೀವು ಪೇಟೆ ಲೆಕ್ಕದಲ್ಲಿ ಆಗುಂಬೆ ರೂಟ್‌ಗೆ ಹೋಗು ಅಂತ ಸಲಹೆ ಕೊಡುತ್ತಿದ್ದೀರಿ. ಪೀಸಿಗೆ ಎರಡು ರೂಪಾಯಿ ಜಾಸ್ತಿ ಅಂತ ನೋಡಬೇಡಿ, ಒಂದು ಪಾರ್ಸೆಲ್‌ಗೂ ಇನ್ನೊಂದಕ್ಕೂ ನಡುವೆ ಎಷ್ಟು ದೂರ ಅಂತ ನೋಡಿ.

ಎಕ್ಸೆಲ್ ಸವಾರ

ಹೊಸನಗರ, ನಗರ, ನಿಟ್ಟೂರು ಕಡೆ ಈ ಕೆಲಸ ಮಾಡಿದವನು ನಾನು. ಮೇಷ್ಟ್ರ ಲೆಕ್ಕ ಸರಿ ಇದೆ, ಆದರೆ ಅದು ಹೊಸಬನ ಲೆಕ್ಕ. ಹಳ್ಳಿ ರೂಟ್ ಅಂದರೆ ಅರವತ್ತು ಪಾರ್ಸೆಲ್‌ಗೆ ಅರವತ್ತು ಕಡೆ ನಿಲ್ಲುವುದಲ್ಲ. ಬೆಳಿಗ್ಗೆ ಹಬ್‌ನಲ್ಲೇ ಎಲ್ಲರಿಗೂ ಫೋನ್ ಹೊಡೆಯಬೇಕು. ಯಾರು ಮನೆಯಲ್ಲಿದ್ದಾರೆ, ಯಾರು ಸೊಸೈಟಿಗೆ ಬರುತ್ತಾರೆ, ಯಾರು ಡೈರಿಗೆ ಹಾಲು ಹಾಕಲು ಬರುತ್ತಾರೆ ಎಲ್ಲ ಗೊತ್ತಾಗುತ್ತದೆ. ಹಾಲು ಡೈರಿ ಹತ್ತಿರ ಹತ್ತು ನಿಮಿಷ ನಿಂತರೆ ಎಂಟು ಪಾರ್ಸೆಲ್ ಖಾಲಿ. ರೂಟ್ ಕೈಗೆ ಹತ್ತಲು ಮೂರು-ನಾಲ್ಕು ತಿಂಗಳು ಬೇಕು. ಆಮೇಲೆ ಕಿಲೋಮೀಟರ್ ಕಮ್ಮಿ ಆಗುತ್ತದೆ.

ಆದರೆ ಮಳೆಗಾಲ ಬೇರೆಯದೇ ಕಥೆ. ಜುಲೈನಲ್ಲಿ ಒಂದು ಪಾರ್ಸೆಲ್ ಕೊಡುವುದು ಹೇಗೆ ಅಂತ ಹೇಳುತ್ತೇನೆ. ಮಣ್ಣಿನ ದಾರಿಯಲ್ಲಿ ಸ್ಟ್ಯಾಂಡ್ ಹಾಕಿದರೆ ಹೂತುಕೊಂಡು ಗಾಡಿ ವಾಲುತ್ತದೆ. ಅದಕ್ಕೆ ಸ್ಟ್ಯಾಂಡ್ ಕೆಳಗಿಡಲು ಹಂಚಿನ ಚೂರು ಜೊತೆಯಲ್ಲೇ ಇರಬೇಕು. ಟಾರ್ಪಾಲ್ ಬಿಚ್ಚು, ಪಾರ್ಸೆಲ್ ಹುಡುಕು, ಮತ್ತೆ ಟಾರ್ಪಾಲ್ ಕಟ್ಟು. ಮೊಬೈಲ್ ಪ್ಲಾಸ್ಟಿಕ್ ಕವರ್‌ನೊಳಗೆ. ಒದ್ದೆ ಬೆರಳಿಗೆ ಸ್ಕ್ರೀನ್ ಓಡಲ್ಲ. ಒರೆಸಿಕೊಳ್ಳೋಣ ಅಂದರೆ ಮೈಮೇಲೆ ಒಣಗಿದ್ದು ಅಂತ ಇರುವುದು ರೇನ್‌ಕೋಟ್ ಒಳಗಿನ ಬನಿಯನ್ ಒಂದೇ. ಲೇಬಲ್ ನೆನೆದು ಬಾರ್‌ಕೋಡ್ ಸ್ಕ್ಯಾನ್ ಆಗಲ್ಲ, ನಂಬರ್ ಕೈಯಲ್ಲೇ ಒತ್ತಬೇಕು. ಅಷ್ಟರಲ್ಲಿ ನೆಟ್‌ವರ್ಕ್ ಹೋಗಿರುತ್ತದೆ. ಒಟಿಪಿ ಬಂತಾ ಅಂತ ಮನೆಯವರು ಮೊಬೈಲ್ ಹಿಡಿದು ಅಂಗಳದ ಮೂಲೆಯಿಂದ ಮೂಲೆಗೆ ಓಡಾಡುತ್ತಾರೆ. ಇಷ್ಟಕ್ಕೂ 14 ರೂಪಾಯಿ.

ಸಾಗರ ಸೀಮೆ

ಹಂಚಿನ ಚೂರು!! ಇದು ಗೊತ್ತಿದ್ದವನು ನಿಜವಾಗಲೂ ಮಲೆನಾಡಲ್ಲಿ ಗಾಡಿ ಓಡಿಸಿದವನೇ.

ಕೋಣಂದೂರು ಅಕ್ಕ

ನಾನು ಪಾರ್ಸೆಲ್ ತರಿಸುವವಳು. ನಿಮ್ಮ ಕಷ್ಟ ಇಲ್ಲ ಅನ್ನಲ್ಲ. ನಮ್ಮ ಮನೆಗೆ ಬರುವ ಹುಡುಗನಿಗೆ ಮಳೆಗಾಲದಲ್ಲಿ ಕಾಫಿ ಕೊಡದೆ ಕಳಿಸಿದ್ದಿಲ್ಲ. ಅತ್ತೆಯ ಮಾತ್ರೆ, ಮಗಳ ಪುಸ್ತಕ ಎಲ್ಲ ಅವನ ಕೈಯಲ್ಲೇ ಬರುತ್ತದೆ. ಆದರೆ ಒಂದು ಮಾತು. ಮನೆ ಬಾಗಿಲಿಗೆ ಅಂತ ದುಡ್ಡು ಕೊಟ್ಟಿರುತ್ತೇವೆ. "ಅಕ್ಕಾ, ಸರ್ಕಲ್ ಅಂಗಡಿಯಲ್ಲಿ ಇಟ್ಟಿದ್ದೇನೆ, ಒಟಿಪಿ ಹೇಳಿ" ಅಂತ ಫೋನ್ ಬರುತ್ತದೆ. ಒಟಿಪಿ ಹೇಳಿದ ಮೇಲೆ ಒಳಗೆ ಏನಿದೆಯೋ ಇಲ್ಲವೋ ದೇವರಿಗೇ ಗೊತ್ತು. ಇನ್ನು ಕೆಲವರು ಬರುವುದೇ ಇಲ್ಲ. ಮೊಬೈಲ್‌ಗೆ ಮೆಸೇಜ್ ಬರುತ್ತದೆ, 'ಗ್ರಾಹಕರು ಮನೆಯಲ್ಲಿ ಇರಲಿಲ್ಲ' ಅಂತ. ನಾನು ಜಗುಲಿಯಲ್ಲೇ ಕೂತು ಅಡಿಕೆ ಸುಲಿಯುತ್ತಿರುತ್ತೇನೆ!

ಭದ್ರಾವತಿ ಬಾಯ್

ಅಕ್ಕ, ಅದು ಫೇಕ್ ಅಟೆಂಪ್ಟ್. ತಪ್ಪೇ. ಆದರೆ ಯಾಕೆ ಹಾಗೆ ಮಾಡುತ್ತಾರೆ ಗೊತ್ತಾ? ಸಂಜೆ ಆರು ಗಂಟೆಗೆ ಬ್ಯಾಗ್‌ನಲ್ಲಿ ಇನ್ನೂ ಇಪ್ಪತ್ತು ಉಳಿದಿರುತ್ತದೆ. ಸುಮ್ನೆ ವಾಪಸ್ ತಂದರೆ ಟಿಎಲ್, ಅಂದರೆ ಟೀಮ್ ಲೀಡರ್, ಬೈತಾನೆ, ಪರ್ಸೆಂಟೇಜ್ ಬೀಳುತ್ತದೆ, ಇನ್ಸೆಂಟಿವ್ ಹೋಗುತ್ತದೆ. ಗ್ರಾಹಕರು ಇಲ್ಲ ಅಂತ ಒತ್ತಿದರೆ ಅದು ನಮ್ಮ ತಲೆಗೆ ಬರಲ್ಲ.

ಕೋಣಂದೂರು ಅಕ್ಕ

ನಿಮ್ಮ ತಲೆಗೆ ಬರಲ್ಲ, ನಮ್ಮ ತಲೆಗೆ ಬರುತ್ತದೆ. ಚೆನ್ನಾಗಿದೆ.

ಸರ್ಕಲ್ ಶೆಟ್ರು

ಎಲ್ಲರೂ ಅಂಗಡಿಯಲ್ಲಿ ಇಟ್ಟೆ ಅನ್ನುತ್ತೀರಿ. ಆ ಅಂಗಡಿಯವನು ನಾನೇ. ಅಕ್ಕಿ ಮೂಟೆ ಇಡಲು ಜಾಗ ಇಲ್ಲ, ಊರಿನವರ ಪಾರ್ಸೆಲ್ ಕಾಯಬೇಕು. ಮೂರು ದಿನ ಬಿಟ್ಟು ಬಂದು "ಶೆಟ್ರೇ, ಡಬ್ಬಿ ಯಾಕೆ ನುಜ್ಜುಗುಜ್ಜಾಗಿದೆ" ಅಂತ ನನಗೇ ಕೇಳುತ್ತಾರೆ. ಕಂಪನಿಗೆ ಲಾಭ, ಹುಡುಗನಿಗೆ 14, ನನಗೆ ಪುಕ್ಕಟೆ ಬೈಗುಳ. ಒಂದು ಪಾರ್ಸೆಲ್‌ಗೆ ಐದು ರೂಪಾಯಿ ಕೊಡಿ ಅಂದಿದ್ದಕ್ಕೆ ಆ ಹುಡುಗ ಎದುರಿನ ಬೇಕರಿಗೆ ಇಡಲು ಶುರು ಮಾಡಿದ.

ಸಾಗರ ಸೀಮೆ

ಶೆಟ್ರೇ 😂 ಬೇಕರಿಯವರೂ ಸದ್ಯದಲ್ಲೇ ಇಲ್ಲಿಗೆ ಬಂದು ಬರೆಯುತ್ತಾರೆ ನೋಡಿ.

ಪಾಲಿಸಿ ಪಂಡಿತ

ವಿಮೆ ಬಗ್ಗೆ ಒಬ್ಬರೂ ಮಾತಾಡಲಿಲ್ಲ. ಹೈದ, ನಿಮ್ಮ ಸ್ಪ್ಲೆಂಡರ್ ಬಿಳಿ ಬೋರ್ಡ್ ತಾನೇ? ಮನೆಗೆ ಹೋಗಿ ಪಾಲಿಸಿ ಕಾಗದ ತೆಗೆದು 'ಲಿಮಿಟೇಶನ್ಸ್ ಆಸ್ ಟು ಯೂಸ್' ಅಂತ ಇರುವ ಸಾಲು ಓದಿ. ಖಾಸಗಿ ಗಾಡಿಯ ಪಾಲಿಸಿಯಲ್ಲಿ ಬಾಡಿಗೆಗೆ ಓಡಿಸಿದರೆ ಅಥವಾ ಸ್ಯಾಂಪಲ್, ಸ್ವಂತ ಲಗೇಜ್ ಬಿಟ್ಟು ಬೇರೆ ಸರಕು ಸಾಗಿಸಿದರೆ ಕವರ್ ಇಲ್ಲ ಅಂತ ಬರೆದಿರುತ್ತದೆ. ಓನರ್-ಡ್ರೈವರ್‌ಗೆ 15 ಲಕ್ಷದ ಅಪಘಾತ ವಿಮೆ ಇದೆಯಲ್ಲ ಅಂತ ಎಲ್ಲರೂ ಧೈರ್ಯವಾಗಿರುತ್ತಾರೆ. ಬೆನ್ನಿಗೆ ಬ್ಯಾಗ್ ಕಟ್ಟಿಕೊಂಡು ಬಿದ್ದರೆ ಕ್ಲೈಮ್ ಸಮಯದಲ್ಲಿ ಇದೇ ಸಾಲು ತೋರಿಸಿ ತಕರಾರು ತೆಗೆಯುವ ಸಾಧ್ಯತೆ ಇದೆ. ಬೇರೆ ಏನೂ ಮಾಡದಿದ್ದರೂ ನಿಮ್ಮ ಹೆಸರಿಗೆ ಒಂದು ವೈಯಕ್ತಿಕ ಅಪಘಾತ ಪಾಲಿಸಿ ಬೇರೆ ಮಾಡಿಸಿ. ಕೆಲಸ ಏನು ಅಂತ ಕೇಳುವ ಕಡೆ ಡೆಲಿವರಿ ಅಂತಲೇ ಬರೆಸಿ.

ಗೋಪಾಳ ಗುರು

ಇಷ್ಟೆಲ್ಲ ನೋಡಿದರೆ ಮನೆಯಿಂದ ಆಚೆ ಬರುವ ಹಾಗೇ ಇಲ್ಲ.

ಪಾಲಿಸಿ ಪಂಡಿತ

ಬನ್ನಿ, ಪಾಲಿಸಿ ಇಟ್ಟುಕೊಂಡು ಬನ್ನಿ.

ಕಾರ್ಮಿಕ ಕಾನೂನು

ಸರ್ಕಾರದ ಕಡೆಯಿಂದ ಏನೂ ಇಲ್ಲ ಅಂದುಕೊಳ್ಳಬೇಡಿ. ನಮ್ಮ ರಾಜ್ಯದಲ್ಲಿ ಗಿಗ್ ಕಾರ್ಮಿಕರಿಗೆ, ಅಂದರೆ ಹೀಗೆ ಆಪ್ ಮೂಲಕ ಪೀಸ್ ಲೆಕ್ಕದಲ್ಲಿ ದುಡಿಯುವವರಿಗೆ, ವಿಮಾ ಯೋಜನೆ ಇದೆ. ಅಪಘಾತದಲ್ಲಿ ಸತ್ತರೆ ಅಪಘಾತ ವಿಮೆ 2 ಲಕ್ಷ, ಜೀವ ವಿಮೆ 2 ಲಕ್ಷ, ಒಟ್ಟು 4 ಲಕ್ಷ ಮನೆಯವರಿಗೆ ಬರುತ್ತದೆ. ನೀವು ಪ್ರೀಮಿಯಂ ಕಟ್ಟಬೇಕಾಗಿಲ್ಲ. ಇ-ಶ್ರಮ್ ನೋಂದಣಿ ಮಾಡಿಸಿ, ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬೇಕು. ಪಿಎಫ್, ಇಎಸ್‌ಐ ಇರುವವರಿಗೆ ಇಲ್ಲ.

2025ರಲ್ಲಿ ರಾಜ್ಯದ ಗಿಗ್ ಕಾರ್ಮಿಕರ ಕಾಯ್ದೆಯೂ ಬಂತು. ಹುಡುಗರಿಗೆ ಕೊಡುವ ಪೇಔಟ್ ಮೇಲೆ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು. ಆಪ್‌ನ ಐಡಿ ತೆಗೆದು ಕೆಲಸದಿಂದ ಬಿಡಿಸುವುದಾದರೆ 14 ದಿನ ಮೊದಲೇ ಕಾರಣ ಬರೆದು ನೋಟಿಸ್ ಕೊಡಬೇಕು. ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆಯೂ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ.

ಭದ್ರಾವತಿ ಬಾಯ್

ಸರ್, ಕಾಯ್ದೆ ಒಳ್ಳೆಯದೇ. ನನ್ನ ಐಡಿ ಬ್ಲಾಕ್ ಆಗಿದ್ದು ಮಾತ್ರ ಬೆಳಿಗ್ಗೆ ಲಾಗಿನ್ ಆಗದೇ ಇದ್ದಾಗಲೇ ಗೊತ್ತಾಗಿದ್ದು. ಒಂದು ಮೊಬೈಲ್ ಬಾಕ್ಸ್‌ನಲ್ಲಿ ಸೋಪು ಬಂತು ಅಂತ ಗಿರಾಕಿ ಕಂಪ್ಲೇಂಟ್. ಬಾಕ್ಸ್ ಸೀಲ್ ಇತ್ತು, ನಾನು ಮುಟ್ಟಿರಲಿಲ್ಲ. ಕೇಳಿದರೆ ವೆಂಡರ್, ಅಂದರೆ ನಮ್ಮನ್ನು ಕೆಲಸಕ್ಕೆ ಹಾಕಿಕೊಂಡ ಗುತ್ತಿಗೆದಾರ, ಕಂಪನಿಯನ್ನು ತೋರಿಸುತ್ತಾನೆ, ಕಂಪನಿಯವರು ವೆಂಡರ್‌ನನ್ನು ತೋರಿಸುತ್ತಾರೆ. ಆ ತಿಂಗಳ ಪೇಔಟ್‌ನಲ್ಲಿ ದುಡ್ಡು ಹಿಡಿದುಕೊಂಡರು. 14 ದಿನ ಇರಲಿ, 14 ನಿಮಿಷವೂ ಕೊಡಲಿಲ್ಲ.

ನಮ್ಮಪ್ಪ ಎಂಪಿಎಂ ಕಾಗದ ಕಾರ್ಖಾನೆಯಲ್ಲಿದ್ದವರು. ಅವರಿಗೆ ಸಂಬಳದ ಚೀಟಿ ಬರುತ್ತಿತ್ತು, ಕ್ವಾರ್ಟರ್ಸ್ ಇತ್ತು, ಯೂನಿಯನ್ ಇತ್ತು. ನನಗೆ ಒಂದು ಆಪ್ ಇದೆ.

ಕಾರ್ಮಿಕ ಕಾನೂನು

ವೆಂಡರ್ ಮೂಲಕ ಇದ್ದರೂ ಲಾಜಿಸ್ಟಿಕ್ಸ್ ಕೆಲಸ ಆ ಕಾಯ್ದೆಯ ಪಟ್ಟಿಯಲ್ಲಿದೆ. ಪೇಔಟ್ ಸ್ಕ್ರೀನ್‌ಶಾಟ್, ವೆಂಡರ್ ಕಳಿಸಿದ ಮೆಸೇಜ್ ಎಲ್ಲ ಉಳಿಸಿಕೊಳ್ಳಿ. ಕಾರ್ಮಿಕ ಇಲಾಖೆಗೆ ಬರೆದು ಕೊಡಿ, ಬಾಯಲ್ಲಿ ಹೇಳಬೇಡಿ.

ಕೊಪ್ಪದ ಕಾಫಿ

ಓನರ್ ಅಂದ ಕೂಡಲೇ ನೆನಪಾಯಿತು. ನಿಜವಾದ ಓನರ್ ಅಂದರೆ ನಮ್ಮ ಕೊಪ್ಪದ ಸಹಕಾರ ಸಾರಿಗೆಯವರು. ಶಂಕರ್ ಕಂಪನಿ ನಿಂತು ಹೋದಾಗ ಅದರ ಡ್ರೈವರ್, ಕಂಡಕ್ಟರ್‌ಗಳೇ ಸೇರಿ 1991ರಲ್ಲಿ ಶುರು ಮಾಡಿದ ಬಸ್ ಸಂಸ್ಥೆ. ಕಾರ್ಮಿಕರೇ ಮಾಲೀಕರು. ಎಷ್ಟು ವರ್ಷ ಮಲೆನಾಡಿನ ಮೂಲೆಮೂಲೆಗೆ ಬಸ್ ಬಿಟ್ಟರು! ಪಾರ್ಸೆಲ್ ಕೂಡ ಬಸ್ಸಲ್ಲೇ. ಕಂಡಕ್ಟರ್ ಕೈಗೆ ಕೊಟ್ಟು "ಬಾಳೆಹೊನ್ನೂರಲ್ಲಿ ಇಂಥವರು ನಿಂತಿರುತ್ತಾರೆ" ಅಂದರೆ ಮುಗಿಯಿತು. ಒಟಿಪಿ ಇಲ್ಲ, ಏನಿಲ್ಲ.

ಲೆಕ್ಕದ ಮೇಷ್ಟ್ರು

ಅದೂ 2020ರಲ್ಲಿ ನಿಂತಿತಲ್ಲ ಮಾರಾಯ್ರೆ. ಮಾಲೀಕ ಯಾರೇ ಆದರೂ ಡೀಸೆಲ್‌ಗೆ ದುಡ್ಡು ಹುಟ್ಟಬೇಕು.

ಕೊಪ್ಪದ ಕಾಫಿ

ನಿಂತಿತು, ನಿಜ. ಆದರೆ ಮೂವತ್ತು ವರ್ಷದ ಹತ್ತಿರ ನಡೆಯಿತು. ಈ ವೆಂಡರ್‌ಗಳು ಮೂರು ವರ್ಷ ಇರುತ್ತಾರಾ ನೋಡೋಣ.

ತುಮರಿ ದಂಡೆ

ನಮ್ಮ ಕಡೆ ಸ್ವಲ್ಪ ಒಳ್ಳೆಯ ಸುದ್ದಿ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆದ ಮೇಲೆ ಪಾರ್ಸೆಲ್‌ನವರು ತುಮರಿವರೆಗೆ ಬರುತ್ತಿದ್ದಾರೆ. ಮೊದಲು ಅಂಬಾರಗೋಡ್ಲು ದಡದಲ್ಲಿ ಲಾಂಚ್‌ಗೆ ಕಾಯಬೇಕಿತ್ತು. ಈ ಕಡೆ ಬಂದ ಹುಡುಗ ಕೊನೇ ಲಾಂಚ್ ತಪ್ಪಿಸಿಕೊಂಡರೆ ರಾತ್ರಿ ಇಲ್ಲೇ. ಅದಕ್ಕೇ ಎಷ್ಟೋ ಸಲ ಸಾಗರಕ್ಕೇ ಬಂದು ತಗೊಂಡು ಹೋಗಿ ಅನ್ನುತ್ತಿದ್ದರು. ಈಗ ಎರಡೂವರೆ ಕಿಲೋಮೀಟರ್ ಹತ್ತಿರದ ಸೇತುವೆಯನ್ನು ಐದು ನಿಮಿಷದಲ್ಲಿ ದಾಟುತ್ತಾರೆ.

ಎಕ್ಸೆಲ್ ಸವಾರ

ಸೇತುವೆ ಆಯಿತು, ಒಳ್ಳೆಯದಾಯಿತು. ರೇಟ್ ಮಾತ್ರ ಅಷ್ಟೇ ಇದೆ, ದೂರ ಜಾಸ್ತಿಯಾಯಿತು. ಮೊದಲು ತುಮರಿ ಪಾರ್ಸೆಲ್ ಅಂದರೆ ಹೋಗದೇ ಇರಲು ಕಾರಣ ಇತ್ತು. ಈಗ ಅದೂ ಇಲ್ಲ!

ಆಗುಂಬೆ ಅಪ್ಪಟ

ಹೈದ, ನಮ್ಮೂರಿಗೆ ಬಾ, ಕಾಫಿ ಕೊಡುತ್ತೇವೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೈಕ್‌ನಲ್ಲಿ ಬರುತ್ತೇನೆ ಅಂದರೆ ನಿನ್ನ ಧೈರ್ಯಕ್ಕೆ ನಮಸ್ಕಾರ. ರಾಜ್ಯದಲ್ಲೇ ಜಾಸ್ತಿ ಮಳೆ ಬೀಳುವ ಜಾಗ ಇದು.

ಹುಲಿಕಲ್ ಹುಡುಗ

ಜಾಸ್ತಿ ಮಳೆ ನಮ್ಮ ಹುಲಿಕಲ್‌ನಲ್ಲಿ. ಹೆಸರು ಮಾತ್ರ ಆಗುಂಬೆಗೆ.

ಆಗುಂಬೆ ಅಪ್ಪಟ

ಶುರುವಾಯಿತು ನೋಡಿ.

ಹುಲಿಕಲ್ ಹುಡುಗ

ಮಳೆಮಾಪನದ ಪಟ್ಟಿ ತೆಗೆದು ನೋಡಿ ಸ್ವಾಮಿ. ಎಷ್ಟೋ ವರ್ಷ ನಿಮಗಿಂತ ನಮ್ಮದೇ ಮುಂದೆ.

ಲೆಕ್ಕದ ಮೇಷ್ಟ್ರು

ಎರಡೂ ಕಡೆ ಪಾರ್ಸೆಲ್ ನೆನೆಯುತ್ತದೆ. ವಿಷಯಕ್ಕೆ ಬನ್ನಿ.

ತೋಟದ ಗೌಡ

ಇಷ್ಟು ಕಷ್ಟಪಟ್ಟು ಗಂಟೆಗೆ 37 ರೂಪಾಯಿ ದುಡಿಯುವ ಬದಲು ಅಡಿಕೆ ಕೊಯ್ಲಿಗೆ ಬನ್ನಿ. ಕೊನೆ ತೆಗೆಯುವವರು ಸಿಗದೆ ನಾವು ಊರೂರು ತಿರುಗುತ್ತಿದ್ದೇವೆ. ಮರ ಹತ್ತಲು ಬರುವವನಿಗೆ ಕೇಳಿದಷ್ಟು ಕೂಲಿ, ಊಟ, ಕಾಫಿ. ಈಗಿನ ಹುಡುಗರಿಗೆ ಬೈಕ್ ಮೇಲೆ ಕೂತರೆ ಮಾತ್ರ ಕೆಲಸ.

ಭದ್ರಾವತಿ ಬಾಯ್

ಗೌಡ್ರೇ, ಕೊಯ್ಲು ಎಷ್ಟು ತಿಂಗಳು? ಉಳಿದ ತಿಂಗಳು ನೀವು ಸಂಬಳ ಕೊಡುತ್ತೀರಾ? ಎಲೆಚುಕ್ಕಿ ರೋಗ ಬಂದ ಮೇಲೆ ಎಷ್ಟೋ ತೋಟದಲ್ಲಿ ಫಸಲೇ ಕಮ್ಮಿ ಅಂತ ನೀವೇ ಹೇಳುತ್ತೀರಿ. ಮರದಿಂದ ಬಿದ್ದರೆ ಯಾವ ವಿಮೆ?

ತೋಟದ ಗೌಡ

ಈಗ ದೋಟಿ ಬಂದಿದೆ, ನೆಲದಲ್ಲಿ ನಿಂತೇ ಕೊಯ್ಯಬಹುದು. ಕೊಯ್ಲು ಬಿಟ್ಟರೆ ಬೇರೆ ಕೆಲಸವೂ ಇರುತ್ತದೆ, ಔಷಧಿ ಹೊಡೆಯುವುದು, ಸೊಪ್ಪು ಹೊರುವುದು. ಆದರೆ ದಿನಾ ಇರಲ್ಲ, ಅದು ಒಪ್ಪುತ್ತೇನೆ.

ಮಂಡಗದ್ದೆ ಮೀನು

ಇನ್ನೊಂದು ದಾರಿ ಇದೆ. ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ್. ಪರೀಕ್ಷೆ ಇಲ್ಲ, ಹತ್ತನೇ ಕ್ಲಾಸ್ ಅಂಕದ ಮೇಲೆ ತಗೊಳ್ಳುತ್ತಾರೆ. ಶುರುವಿಗೆ ಅಸಿಸ್ಟೆಂಟ್ ಬ್ರಾಂಚ್ ಪೋಸ್ಟ್ ಮಾಸ್ಟರ್‌ಗೆ 10,000, ಬ್ರಾಂಚ್ ಪೋಸ್ಟ್ ಮಾಸ್ಟರ್‌ಗೆ 12,000, ಅದರ ಮೇಲೆ ಡಿಎ. ಕೆಲಸ ದಿನಕ್ಕೆ ನಾಲ್ಕೈದು ಗಂಟೆ. ಉಳಿದ ಹೊತ್ತು ತೋಟ ನೋಡಿಕೊಳ್ಳಬಹುದು. ಪಾರ್ಸೆಲ್ ಹಂಚುವುದೂ ಅದರಲ್ಲಿ ಬರುತ್ತದೆ.

ತೀರ್ಥಳ್ಳಿ ಹೈದ

ಹತ್ತನೇ ಕ್ಲಾಸ್ ಅಂಕ ಅಂದಿರಲ್ಲ, ಅಲ್ಲೇ ನನ್ನ ಕಥೆ ಮುಗಿಯಿತು ಅಣ್ಣ.

ಸೊರಬ ಸೀತಮ್ಮ

ಮಗಾ, ಒಂದು ವಿಷಯ ಯಾರೂ ಹೇಳಲಿಲ್ಲ. ಡಿಸೆಂಬರ್‌ನಿಂದ ಬೇಸಿಗೆ ಮುಗಿಯುವವರೆಗೆ ಕಾಡು ದಾರಿಯಲ್ಲಿ ಬೈಕ್ ನಿಲ್ಲಿಸಿ ಒಳಗೆ ನಡೆದುಕೊಂಡು ಹೋಗುವಾಗ ಜೋಪಾನ. ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದೇ ನಮ್ಮ ತಾಲೂಕಿನ ಕ್ಯಾಸನೂರಿನಲ್ಲಿ, 1957ರಲ್ಲಿ. ಉಣುಗು ಕಚ್ಚಿ ಬರುವುದು. ಆಶಾ ಕಾರ್ಯಕರ್ತೆಯರು ಡೀಪಾ ಎಣ್ಣೆ ಕೊಡುತ್ತಾರೆ, ಕೈಕಾಲಿಗೆ ಹಚ್ಚಿಕೊಂಡು ಹೋಗು. ಮನೆಗೆ ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡು, ಬಟ್ಟೆ ಹೊರಗೇ ಬಿಚ್ಚು.

ತೀರ್ಥಳ್ಳಿ ಹೈದ

ಆಯಿತು ಅಮ್ಮ. ಥ್ಯಾಂಕ್ಸ್.

ಏಸ್ ಅಣ್ಣ

ಬೈಕ್ ಬಿಡಿ, ನಾಲ್ಕು ಚಕ್ರದ ಕಥೆ ಹೇಳುತ್ತೇನೆ. ಸಾಲ ಮಾಡಿ ಸಣ್ಣ ಗೂಡ್ಸ್ ಗಾಡಿ ತಗೊಂಡು ಹಬ್‌ಗೆ ಹಾಕಿದೆ. ಶಿವಮೊಗ್ಗದಿಂದ ಸಾಗರ, ಸೊರಬ ಹಬ್‌ಗಳಿಗೆ ರಾತ್ರಿ ಲೋಡ್. ತಿಂಗಳ ಬಾಡಿಗೆ ಅಂತ ಮಾತು. ಮೊದಲ ಆರು ತಿಂಗಳು ಚೆನ್ನಾಗಿತ್ತು. ಆಮೇಲೆ ಪೇಮೆಂಟ್ ನಲವತ್ತೈದು ದಿನ, ಅರವತ್ತು ದಿನ ಅಂತ ಮುಂದೆ ಹೋಗತೊಡಗಿತು. ಇಎಂಐ ಮಾತ್ರ ಐದನೇ ತಾರೀಕಿಗೇ ಬರುತ್ತದೆ, ಅದು ಒಂದು ದಿನವೂ ತಡ ಆಗಲ್ಲ. ಈಗ ಆ ಗಾಡಿಯಲ್ಲಿ ತರಕಾರಿ ಹೊಡೆಯುತ್ತಿದ್ದೇನೆ. ದುಡ್ಡು ಕಮ್ಮಿ, ಆದರೆ ಅವತ್ತಿನದು ಅವತ್ತೇ ಕೈಗೆ.

ಟ್ಯಾಕ್ಸ್ ತಮ್ಮ

ಪೇಔಟ್‌ನಲ್ಲಿ ಶೇಕಡಾ 1 ಟಿಡಿಎಸ್ ಅಂತ ತೆರಿಗೆ ಕಡಿಯುತ್ತಾರೆ, ಯಾಕೆ ಅಂತ ಎಷ್ಟೋ ಹುಡುಗರಿಗೆ ಗೊತ್ತಿಲ್ಲ. ಕಂಪನಿ ಲೆಕ್ಕದಲ್ಲಿ ನೀವು ನೌಕರ ಅಲ್ಲ, ಕಂಟ್ರಾಕ್ಟರ್. ಪ್ಯಾನ್ ಕೊಡದಿದ್ದರೆ ಶೇಕಡಾ 20 ಕಡಿಯುತ್ತಾರೆ. ನಿಮ್ಮ ಆದಾಯಕ್ಕೆ ತೆರಿಗೆ ಬರಲ್ಲ, ರಿಟರ್ನ್ ಹಾಕಿದರೆ ಆ ದುಡ್ಡು ವಾಪಸ್ ಬರುತ್ತದೆ. ವರ್ಷಕ್ಕೆ ಎರಡು ಸಾವಿರ ಆದರೂ ನಿಮ್ಮದೇ ದುಡ್ಡು, ಬಿಡಬೇಡಿ. ಮುಂದೆ ಗಾಡಿ ಸಾಲಕ್ಕೂ ಆ ರಿಟರ್ನ್ ಕಾಗದ ಕೇಳುತ್ತಾರೆ.

ಭದ್ರಾವತಿ ಬಾಯ್

ಇದು ಉಪಯೋಗದ ಮಾತು. ನಮ್ಮ ಹಬ್‌ನಲ್ಲಿ ಒಬ್ಬನೂ ಹಾಕಿಲ್ಲ.

ಲೀಡ್ಸ್‌ನಿಂದ ಮಲ್ನಾಡಿಗ

ಇಂಗ್ಲೆಂಡ್‌ನಲ್ಲಿದ್ದೇನೆ, ಊರು ರಿಪ್ಪನ್‌ಪೇಟೆ. ಇಲ್ಲೂ ಪಾರ್ಸೆಲ್ ಹುಡುಗರದ್ದು ಇದೇ ಗೋಳು. ವ್ಯಾನ್ ಅವರದ್ದೇ, ಪೆಟ್ರೋಲ್ ಅವರದ್ದೇ, ಹೆಸರಿಗೆ ಸ್ವಂತ ಉದ್ಯೋಗ. 2021ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಉಬರ್ ಡ್ರೈವರ್‌ಗಳು 'ವರ್ಕರ್' ಅಂತ ತೀರ್ಪು ಕೊಟ್ಟಿತು. ಅದರಿಂದ ಅವರಿಗೆ ಕನಿಷ್ಠ ವೇತನ, ರಜೆ ಸಂಬಳ ಸಿಕ್ಕಿತು. ಪಾರ್ಸೆಲ್‌ನವರಲ್ಲಿ ಎಷ್ಟೋ ಜನ ಇನ್ನೂ ಪೀಸ್ ಲೆಕ್ಕದಲ್ಲೇ ಇದ್ದಾರೆ. ಇಲ್ಲಿ ಮಂಗನ ಕಾಯಿಲೆ ಇಲ್ಲ ಅನ್ನುವುದೊಂದು ಸಮಾಧಾನ.

ತೀರ್ಥಳ್ಳಿ ಹೈದ

ಇವತ್ತು ವೆಂಡರ್‌ಗೆ ಫೋನ್ ಮಾಡಿ ನೀವೆಲ್ಲ ಹೇಳಿದ್ದನ್ನು ಕೇಳಿದೆ. ರಿಟರ್ನ್ ಪಿಕಪ್, ಅಂದರೆ ಗಿರಾಕಿ ವಾಪಸ್ ಮಾಡುವ ಮಾಲು ತರಲು, 8 ರೂಪಾಯಿ ಅಂತೆ. ಮಾಲು ಕಳೆದರೆ, ಒಡೆದರೆ ನಮ್ಮ ಮೇಲೆ. ಅಗ್ರಿಮೆಂಟ್ ಇದೆ, ಸಹಿ ಹಾಕಬೇಕು, ಆದರೆ ಪ್ರತಿ ಕೊಡಲ್ಲವಂತೆ. ಪೇಟೆ ರೂಟ್ ಕೊಡಿ ಅಂದೆ. ಅದು ಖಾಲಿ ಇಲ್ಲ, ಹಳಬರ ಹತ್ತಿರ ಇದೆ ಅಂದರು. ಆಗುಂಬೆ ರೂಟ್ ಮಾತ್ರ ಖಾಲಿ.

ಎಕ್ಸೆಲ್ ಸವಾರ

ಅಲ್ಲೇ ಉತ್ತರ ಇದೆ ನೋಡು ತಮ್ಮ. ಗಿಟ್ಟುವ ರೂಟ್ ಯಾವತ್ತೂ ಖಾಲಿ ಇರಲ್ಲ. ಆ ರೂಟ್ ಯಾಕೆ ಖಾಲಿ ಆಯಿತು, ಹಿಂದೆ ಮಾಡುತ್ತಿದ್ದವನು ಯಾಕೆ ಬಿಟ್ಟ ಅಂತ ಅವನನ್ನೇ ಹುಡುಕಿ ಕೇಳು. ಹಬ್‌ನವರು ಹೇಳಲ್ಲ, ಎದುರಿನ ಟೀ ಅಂಗಡಿಯಲ್ಲಿ ಕೇಳಿದರೆ ನಂಬರ್ ಸಮೇತ ಕೊಡುತ್ತಾರೆ.

ಕ್ಯಾಶ್ ಆನ್ ಡೆಲಿವರಿ ವಿಷಯದಲ್ಲೂ ಹುಷಾರು. ಮಳೆಯಲ್ಲಿ ನೋಟು ನೆನೆದು ಐನೂರರ ಎರಡು ನೋಟು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಗಿರಾಕಿಗೆ ಚಿಲ್ಲರೆ ಕೊಡುವಾಗ ಜಾಸ್ತಿ ಹೋದರೂ ಗೊತ್ತಾಗಲ್ಲ. ಸಂಜೆ ಹಬ್‌ನಲ್ಲಿ ಕಮ್ಮಿ ಬಂದರೆ ಕೈಯಿಂದ ಕಟ್ಟಬೇಕು. ಆದಷ್ಟು ಕ್ಯುಆರ್ ಕೋಡ್ ತೋರಿಸು. ನೆಟ್‌ವರ್ಕ್ ಇದ್ದರೆ.

ಗೋಪಾಳ ಗುರು

ಮೇಷ್ಟ್ರೇ, ಒಪ್ಪಿಕೊಂಡೆ, ಪೇಟೆ ಬೇರೆ ಹಳ್ಳಿ ಬೇರೆ. ಆದರೂ ಒಂದು ಮಾತು ಹೇಳುತ್ತೇನೆ. ನನಗೆ ಅಂಗಡಿ ಕೆಲಸದಲ್ಲಿ ಐದು ವರ್ಷಕ್ಕೆ ಎರಡೇ ಸಲ ಸಂಬಳ ಜಾಸ್ತಿ ಮಾಡಿದ್ದು. ಇಲ್ಲಿ ದೀಪಾವಳಿ ಸೇಲ್ ಬಂದರೆ ಒಂದೇ ತಿಂಗಳಲ್ಲಿ ಕೈತುಂಬಾ. ಮಧ್ಯಾಹ್ನ ಮೂರರ ಮೇಲೆ ನನ್ನ ಹೊತ್ತು ನನ್ನದು, ತಂಗಿ ಮಗಳನ್ನು ಸ್ಕೂಲಿಂದ ಕರೆತರುತ್ತೇನೆ. ಇದಕ್ಕೂ ಲೆಕ್ಕ ಹಾಕಿ.

ಲೆಕ್ಕದ ಮೇಷ್ಟ್ರು

ಅದನ್ನು ನಾನು ರೂಪಾಯಿಯಲ್ಲಿ ಬರೆಯಲು ಹೋಗಲ್ಲ. ನಿಮಗೆ ಒಪ್ಪುತ್ತದೆ, ಮಾಡಿ. ಆದರೆ ಸೇಲ್ ಮುಗಿದ ಮಾರನೇ ತಿಂಗಳು ಎಷ್ಟು ಲೋಡ್ ಬರುತ್ತದೆ ಅಂತಲೂ ಹೇಳಿ.

ಗೋಪಾಳ ಗುರು

ಅರ್ಧ. ಹೇಳಿದೆ, ಸಮಾಧಾನ ಆಯಿತಾ 😄

ಕೋಣಂದೂರು ಅಕ್ಕ

ಹೈದ, ನಿಮ್ಮ ಅಂಗಡಿ ಓನರ್ ಹತ್ತಿರ ಮಾತಾಡಿ ನೋಡಿ. ಹಳ್ಳಿ ಮನೆಗಳಿಗೆ ಮೋಟಾರ್, ಯುಪಿಎಸ್, ಗೀಸರ್ ರಿಪೇರಿಗೆ ಜನ ಸಿಗದೆ ನಾವು ವಾರಗಟ್ಟಲೆ ಕಾಯುತ್ತೇವೆ. ಅದೇ ಬೈಕ್, ಅದೇ ದಾರಿ. ಒಂದು ಮನೆಗೆ ಹೋದರೆ 14 ಅಲ್ಲ, 300 ಕೊಡುತ್ತೇವೆ, ಕಾಫಿ ಬೇರೆ.

ತೀರ್ಥಳ್ಳಿ ಹೈದ

ಅಕ್ಕ, ವೈರಿಂಗ್ ಸ್ವಲ್ಪ ಬರುತ್ತದೆ. ಮೋಟಾರ್ ಕಟ್ಟುವುದು ಕಲಿತಿಲ್ಲ. ಇದು ನನ್ನ ತಲೆಗೇ ಹೊಳೆದಿರಲಿಲ್ಲ.

ಸರ್ಕಲ್ ಶೆಟ್ರು

ಕಲಿತರೆ ಮೊದಲು ನಮ್ಮ ಅಂಗಡಿಗೆ ಬಾ. ಫ್ರಿಜ್ ಸ್ಟೆಬಿಲೈಸರ್ ಹಾಳಾಗಿ ಎರಡು ವಾರ ಆಯಿತು. ಪಾರ್ಸೆಲ್ ಮಾತ್ರ ತರಬೇಡ.

ಸಾಗರ ಸೀಮೆ

ಇಷ್ಟು ಹೊತ್ತು ಓದಿ ಒಂದು ಪ್ರಶ್ನೆ. ಎಕ್ಸೆಲ್ ಸವಾರ ಅಣ್ಣ, ಲೋಡ್‌ಗೆ ಎಕ್ಸೆಲ್ ಒಳ್ಳೆಯದಾ, ಸ್ಪ್ಲೆಂಡರಾ? ಬ್ಯಾಟರಿ ಸ್ಕೂಟರ್ ಆಗಲ್ವಾ? ನನ್ನ ತಮ್ಮ ಸಾಗರ ಪೇಟೆಯಲ್ಲೇ ಶುರು ಮಾಡುತ್ತಿದ್ದಾನೆ.

ಎಕ್ಸೆಲ್ ಸವಾರ

ಪೇಟೆ ಆದರೆ ಬ್ಯಾಟರಿ ಸ್ಕೂಟರ್ ಖಂಡಿತ ಆಗುತ್ತದೆ, ಪೆಟ್ರೋಲ್ ದುಡ್ಡು ಪೂರ್ತಿ ಉಳಿತಾಯ. ಹಳ್ಳಿ ರೂಟ್‌ಗೆ ಬೇಡ. ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಇರಲ್ಲ, ಎಲ್ಲಿ ಚಾರ್ಜ್ ಮಾಡುತ್ತಾನೆ? ಎಕ್ಸೆಲ್‌ನಲ್ಲಿ ಮುಂದೆ ಕಾಲ ಹತ್ತಿರ ಒಂದು ಮೂಟೆ ಕೂರುತ್ತದೆ, ಅದೇ ದೊಡ್ಡ ಅನುಕೂಲ. ಏರಿನಲ್ಲಿ ಮಾತ್ರ ಉಸಿರು ಕಟ್ಟುತ್ತದೆ. ಸ್ಪ್ಲೆಂಡರ್ ಆದರೆ ಹಿಂದೆ ಕ್ಯಾರಿಯರ್ ಗಟ್ಟಿಯಾಗಿ ವೆಲ್ಡ್ ಮಾಡಿಸಿ. ಯಾವುದೇ ಆಗಲಿ, ಮಳೆಗಾಲದಲ್ಲಿ ರಾತ್ರಿ ಬಂದ ಮೇಲೆ ಚೈನ್‌ಗೆ ಎಣ್ಣೆ ಬಿಡಬೇಕು. ಬೆಳಿಗ್ಗೆ ಬಿಟ್ಟರೆ ಉಪಯೋಗ ಇಲ್ಲ, ಆಗಲೇ ತುಕ್ಕು ಹಿಡಿದಿರುತ್ತದೆ.

ಸಾಗರ ಸೀಮೆ

ಹಳೇ ಇಂಜಿನ್ ಆಯಿಲ್ ಬಿಟ್ಟರೆ ಆಗುತ್ತಾ?

ಎಕ್ಸೆಲ್ ಸವಾರ

ಆಗುತ್ತದೆ, ಆದರೆ ಪ್ಯಾಂಟ್ ಹಾಳು. 90 ನಂಬರ್ ಗೇರ್ ಆಯಿಲ್ ತಗೊಳ್ಳಲು ಹೇಳಿ.